ಕುಂದೂಝ್ ಆಸ್ಪತ್ರೆ, 2015: ಯಾರೂ ಬೇಕೂಂತ ಮಾಡದ ತಪ್ಪಿಗೆ ಯಾರು ಹೊಣೆ?

ಯುದ್ಧಕ್ಕೂ ಕಾನೂನು ಇದೆ ಅಂದರೆ ತುಂಬಾ ಜನ ನಗುತ್ತಾರೆ. ಗೆದ್ದವನು ಹೇಳಿದ್ದೇ ಕಾನೂನು, ಅದಕ್ಕೆ ಪುಸ್ತಕ ಬೇರೆ ಬೇಕಾ ಅಂತ ಕೇಳುತ್ತಾರೆ. ಈ ವಾದವನ್ನು ಸದ್ಯಕ್ಕೆ ಬದಿಗಿಟ್ಟು ಒಂದೇ ಒಂದು ಘಟನೆಯನ್ನು ನಿಧಾನವಾಗಿ ಬಿಡಿಸಿ ನೋಡೋಣ. 2015ರ ಅಕ್ಟೋಬರ್ 3ರ ರಾತ್ರಿ ಎರಡು ಗಂಟೆ ದಾಟಿತ್ತು. ಉತ್ತರ ಅಫ್ಘಾನಿಸ್ತಾನದ ಕುಂದೂಝ್ ನಗರದಲ್ಲಿ ಅಮೆರಿಕದ ಸೇನಾ ವಿಮಾನವೊಂದು ಕೆಲಸ ನಡೆಯುತ್ತಿದ್ದ ಆಸ್ಪತ್ರೆಯ ಮೇಲೆ ಸುಮಾರು ಅರ್ಧ ಗಂಟೆ ಶೆಲ್ ಹಾರಿಸಿತು. 42 ಜನ ಸತ್ತರು.

ಇದನ್ನೇ ಆರಿಸಿಕೊಳ್ಳೋಕೆ ಕಾರಣ ಇದೆ. ಇಂಥ ಬಹುಪಾಲು ಪ್ರಕರಣಗಳಲ್ಲಿ ನಡೆದದ್ದೇನು ಅನ್ನೋದರ ಮೇಲೇ ಜಗಳ ಮುಗಿಯೋದಿಲ್ಲ. ಕಾನೂನಿನ ಪ್ರಶ್ನೆ ಬರುವ ಹೊತ್ತಿಗೆ ಎಲ್ಲರೂ ಸುಸ್ತಾಗಿರುತ್ತಾರೆ. ಇಲ್ಲಿ ಹಾಗಿಲ್ಲ. ಹೊಡೆದವರು ಹೊಡೆದೆವು ಅಂತ ಒಪ್ಪಿದ್ದಾರೆ. ತಪ್ಪಾಯಿತು ಅಂತಲೂ ಒಪ್ಪಿದ್ದಾರೆ. ಅಮೆರಿಕದ ಸೇನೆಯೇ 3,000 ಪುಟ ದಾಟುವ ತನಿಖಾ ವರದಿಯನ್ನು, ಅಲ್ಲಲ್ಲಿ ಕಪ್ಪು ಬಳಿದು, ಹೊರಗೆ ಬಿಟ್ಟಿದೆ. ಆಸ್ಪತ್ರೆ ನಡೆಸುತ್ತಿದ್ದ ಸಂಸ್ಥೆ ನಿಮಿಷ ನಿಮಿಷದ ತನ್ನ ದಾಖಲೆಯನ್ನು ಪ್ರಕಟಿಸಿದೆ. ಇಷ್ಟೆಲ್ಲ ಕೈಯಲ್ಲಿದ್ದಾಗ ಕಾನೂನು ಏನು ಮಾಡಬಲ್ಲದು, ಎಲ್ಲಿ ಕೈ ಚೆಲ್ಲುತ್ತದೆ ಅನ್ನೋದು ಚೆನ್ನಾಗಿ ಕಾಣುತ್ತದೆ.

ಊರು, ಆಸ್ಪತ್ರೆ, ಆ ವಾರ

ಆಸ್ಪತ್ರೆ ನಡೆಸುತ್ತಿದ್ದದ್ದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ, ಅಂದರೆ ಎಂಎಸ್ಎಫ್. 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಸಂಸ್ಥೆ ಅದು. ಕುಂದೂಝ್‌ನಲ್ಲಿ 2011ರ ಆಗಸ್ಟ್‌ನಲ್ಲಿ ಗಾಯಾಳುಗಳಿಗಾಗಿಯೇ ಆಸ್ಪತ್ರೆ ಶುರು ಮಾಡಿತು. ಈಶಾನ್ಯ ಅಫ್ಘಾನಿಸ್ತಾನದಲ್ಲಿ ಅಂಥದ್ದು ಬೇರೊಂದು ಇರಲಿಲ್ಲ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಗೇಟಿನಲ್ಲೇ ಆಯುಧ ಬಿಟ್ಟು ಬರಬೇಕು. ಒಳಗೆ ಬಂದ ಮೇಲೆ ನೀನು ಯಾರ ಕಡೆಯವನು ಅಂತ ಯಾರೂ ಕೇಳೋದಿಲ್ಲ. ಸರ್ಕಾರಿ ಸೈನಿಕನೂ ತಾಲಿಬಾನಿನವನೂ ಒಂದೇ ಸೂರಿನಡಿ ಮಲಗುತ್ತಿದ್ದರು.

2015ರ ಸೆಪ್ಟೆಂಬರ್ 28ರಂದು ತಾಲಿಬಾನ್ ಹಠಾತ್ತನೆ ನಗರವನ್ನು ಹಿಡಿಯಿತು. 2001ರ ನಂತರ ಅವರ ಕೈಗೆ ಒಂದು ದೊಡ್ಡ ನಗರ ಸಿಕ್ಕಿದ್ದು ಅದೇ ಮೊದಲು. ಗಾಯಾಳುಗಳು ತುಂಬಿಬಿಟ್ಟರು. 92 ಹಾಸಿಗೆಯ ಆಸ್ಪತ್ರೆಯನ್ನು 140ಕ್ಕೆ ಏರಿಸಿದರು. ಮರುದಿನವೇ, ಅಂದರೆ 29ರಂದು, ಎಂಎಸ್ಎಫ್ ತನ್ನ ಆಸ್ಪತ್ರೆಯ ಜಿಪಿಎಸ್ ಅಂಕಿಗಳನ್ನು ಅಮೆರಿಕದ ರಕ್ಷಣಾ ಇಲಾಖೆಗೆ, ಕಾಬೂಲ್‌ನಲ್ಲಿದ್ದ ಅಮೆರಿಕ ಸೇನೆಗೆ, ಅಫ್ಘಾನ್ ಸಚಿವಾಲಯಗಳಿಗೆ ಮತ್ತೊಮ್ಮೆ ಕಳಿಸಿತು. ಇಲ್ಲಿ ನಾವಿದ್ದೇವೆ, ನೋಡಿಕೊಳ್ಳಿ ಅಂತ. ಅಮೆರಿಕದವರ ಬಳಿ ದಾಳಿ ಮಾಡಬಾರದ ಜಾಗಗಳ ಪಟ್ಟಿ ಅಂತ ಒಂದಿರುತ್ತದೆ. ಆ ಪಟ್ಟಿಯಲ್ಲಿ ಈ ಆಸ್ಪತ್ರೆ ಇತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಕ್ಟೋಬರ್ 1ರಂದು ವಾಷಿಂಗ್ಟನ್‌ನಿಂದ ಅಮೆರಿಕ ಸರ್ಕಾರದ ಅಧಿಕಾರಿಯೊಬ್ಬರು ಎಂಎಸ್ಎಫ್‌ಗೆ ವಿಚಾರಿಸಿದರು. ಆಸ್ಪತ್ರೆಯಲ್ಲಿ ತಾಲಿಬಾನಿನವರು ಗುಂಪಾಗಿ ಸೇರಿಕೊಂಡಿದ್ದಾರಾ ಅಂತ. ಆಸ್ಪತ್ರೆ ಪೂರ್ತಿ ರೋಗಿಗಳಿಂದ ತುಂಬಿದೆ, ಅವರಲ್ಲಿ ಗಾಯಗೊಂಡ ತಾಲಿಬಾನಿನವರೂ ಇದ್ದಾರೆ ಅಂತ ಉತ್ತರ ಹೋಯಿತು. ಘಟನೆಯ ರಾತ್ರಿ ಇದ್ದ 105 ರೋಗಿಗಳಲ್ಲಿ ಸುಮಾರು 20 ಜನ ತಾಲಿಬಾನ್, ಮೂರ್ನಾಲ್ಕು ಜನ ಸರ್ಕಾರಿ ಪಡೆಯವರು ಅಂತ ಎಂಎಸ್ಎಫ್‌ನ ಅಂದಾಜು. ಉಳಿದವರು ಊರಿನ ಸಾಮಾನ್ಯ ಜನ, ಮಕ್ಕಳು.

ವಿಮಾನ ಏನು ನೋಡಿತು

ಆ ರಾತ್ರಿ ಅಫ್ಘಾನ್ ವಿಶೇಷ ಪಡೆಯವರ ಕಣ್ಣು ಬೇರೆ ಕಟ್ಟಡದ ಮೇಲಿತ್ತು. ಆಸ್ಪತ್ರೆಯಿಂದ ಸುಮಾರು 400 ಮೀಟರ್ ದೂರದಲ್ಲಿ ಅಫ್ಘಾನ್ ಗುಪ್ತಚರ ಇಲಾಖೆಯ, ಅಂದರೆ ಎನ್‌ಡಿಎಸ್‌ನ ಕಟ್ಟಡ ಇತ್ತು. ತಾಲಿಬಾನ್ ಅದನ್ನು ಹಿಡಿದಿದೆ ಅಂತ ಅವರ ನಂಬಿಕೆ. ಅದನ್ನು ಬಿಡಿಸಿಕೊಳ್ಳಲು ಹೊರಟಿದ್ದ ಅವರು ಮೇಲಿಂದ ಸಹಾಯ ಕೇಳಿದರು. ಜೊತೆಗಿದ್ದ ಅಮೆರಿಕದ ವಿಶೇಷ ಪಡೆಯ ಕಮಾಂಡರ್ ಒಪ್ಪಿಗೆ ಕೊಟ್ಟರು. ಅವರಿದ್ದ ಜಾಗದಿಂದ ಎನ್‌ಡಿಎಸ್ ಕಟ್ಟಡವೂ ಕಾಣುತ್ತಿರಲಿಲ್ಲ, ಆಸ್ಪತ್ರೆಯೂ ಕಾಣುತ್ತಿರಲಿಲ್ಲ. ದಿನಗಟ್ಟಲೆ ಸರಿಯಾಗಿ ನಿದ್ದೆ ಮಾಡದೆ ಕಾದಾಡುತ್ತಿದ್ದ ತಂಡ ಅದು.

ಬಂದ ವಿಮಾನ ಎಸಿ-130 ಗನ್‌ಶಿಪ್. ಇದು ಬಾಂಬ್ ಹಾಕಿ ಹಾರಿಹೋಗುವ ಜೆಟ್ ಅಲ್ಲ. ಸಾಮಾನು ಸಾಗಿಸುವ ದೊಡ್ಡ ವಿಮಾನವೇ, ಎಡ ಪಕ್ಕಕ್ಕೆ ಫಿರಂಗಿಗಳನ್ನು ಕೂರಿಸಿದ್ದಾರೆ ಅಷ್ಟೇ. ಅದರಲ್ಲಿ ಒಂದು 105 ಮಿಲಿಮೀಟರಿನದು. ಗುರಿಯ ಸುತ್ತ ಗಾಣದೆತ್ತಿನಂತೆ ಎಡಕ್ಕೆ ಸುತ್ತುತ್ತಾ, ಕ್ಯಾಮೆರಾದಲ್ಲಿ ನೋಡುತ್ತಾ ಹೊಡೆಯುತ್ತದೆ. ಬೇರೆ ವಿಮಾನಗಳಿಗೆ ಹೋಲಿಸಿದರೆ ನೋಡೋಕೆ, ಯೋಚಿಸೋಕೆ ಇದರಲ್ಲಿ ಹೊತ್ತು ಜಾಸ್ತಿ ಸಿಗುತ್ತದೆ. ಹಾಗಾಗಿ ‘ಕಣ್ಣು ಮುಚ್ಚಿ ತೆಗೆಯೋದರಲ್ಲಿ ಆಗಿಹೋಯಿತು’ ಅನ್ನುವ ಸಬೂಬು ಇಲ್ಲಿ ನಡೆಯೋದಿಲ್ಲ.

ತಪ್ಪುಗಳು ನೆಲದ ಮೇಲೇ ಶುರುವಾದವು. ತುರ್ತು ಕರೆ ಬಂತೆಂದು ವಿಮಾನ ನಿಗದಿಗಿಂತ 69 ನಿಮಿಷ ಮೊದಲೇ ಹೊರಟಿತು. ಹೊರಡುವ ಮುಂಚೆ ಸಿಬ್ಬಂದಿಗೆ ಕೊಡಬೇಕಾದ ಮಾಹಿತಿಯನ್ನು ಕೊಡಲಿಲ್ಲ. ದಾಳಿ ಮಾಡಬಾರದ ಜಾಗಗಳ ಪಟ್ಟಿ ಅವರ ಕೈಗೆ ಬರಲಿಲ್ಲ. ಹಾರುತ್ತಿರುವಾಗ ಕಳಿಸೋಣ ಅಂದರೆ ದಾರಿಯಲ್ಲಿ ಸಂಪರ್ಕದ ಉಪಕರಣ ಕೆಟ್ಟಿತು. ವಿಡಿಯೋ ಹೋಗುತ್ತಿಲ್ಲ, ಇಮೇಲ್ ಬರುತ್ತಿಲ್ಲ. ಕುಂದೂಝ್ ಮೇಲೆ ಬಂದಾಗ ತಮ್ಮ ಮೇಲೆ ಕ್ಷಿಪಣಿ ಗುರಿಯಿಟ್ಟಿದ್ದಾರೆ ಅಂತ ಸಿಬ್ಬಂದಿಗೆ ಅನ್ನಿಸಿತು. ಸುಮಾರು ಎಂಟು ಮೈಲಿ ದೂರ ಸರಿದು ಸುತ್ತತೊಡಗಿದರು.

ಅಷ್ಟು ದೂರದಿಂದ ಎನ್‌ಡಿಎಸ್ ಕಟ್ಟಡದ ಅಂಕಿಗಳನ್ನು ಹಾಕಿದಾಗ ಕ್ಯಾಮೆರಾ ಹೋಗಿ ನಿಂತದ್ದು ಕಟ್ಟಡದಿಂದ 300 ಮೀಟರಿಗೂ ಆಚೆಯ ಒಂದು ಬಯಲಿನ ಮೇಲೆ. ಬಯಲಿಗೆ ಯಾರು ಹೊಡೆಯುತ್ತಾರೆ? ಸುತ್ತ ಹುಡುಕಿದರು. ಕೆಳಗಿನಿಂದ ರೇಡಿಯೋದಲ್ಲಿ ಹೇಳಿದ್ದ ಚಹರೆಗೆ ಹೆಚ್ಚುಕಡಿಮೆ ಹೊಂದುವ ದೊಡ್ಡ ಕಟ್ಟಡವೊಂದು ಹತ್ತಿರದಲ್ಲೇ ಕಂಡಿತು. ಸುತ್ತ ಗೋಡೆ, ಒಳಗೆ ಕಟ್ಟಡಗಳು, ಓಡಾಡುವ ಜನ. ಇದೇ ಇರಬೇಕು ಅಂದುಕೊಂಡರು. ಅದು ಆಸ್ಪತ್ರೆ.

ಇನ್ನು ಮುಂದಿನದೇ ನನ್ನನ್ನು ಜಾಸ್ತಿ ಕಾಡುವ ಭಾಗ. ಸ್ವಲ್ಪ ಹೊತ್ತಿನ ಮೇಲೆ ವಿಮಾನ ಮೊದಲಿನ ಸುತ್ತಿಗೆ ವಾಪಸಾಯಿತು. ಈಗ ಯಂತ್ರ ಸರಿಯಾದ ಜಾಗವನ್ನೇ ತೋರಿಸಿತು, ಎನ್‌ಡಿಎಸ್ ಕಟ್ಟಡವನ್ನು. ಸಿಬ್ಬಂದಿ ಅದನ್ನು ನಂಬಲಿಲ್ಲ. ಚಹರೆಗೆ ಹೊಂದುವ ಕಟ್ಟಡ ಈಗಾಗಲೇ ಸಿಕ್ಕಿದೆಯಲ್ಲ, ಅದಕ್ಕೇ ಅಂಟಿಕೊಂಡರು. ಯಂತ್ರಗಳು ಮನುಷ್ಯನ ದಾರಿ ತಪ್ಪಿಸುತ್ತಿವೆ ಅಂತ ಇವತ್ತು ಎಲ್ಲರೂ ಹೇಳುತ್ತಾರೆ. ಕುಂದೂಝ್‌ನಲ್ಲಿ ಯಂತ್ರ ಎರಡನೇ ಸಲ ನಿಜ ಹೇಳಿತ್ತು.

ಕಟ್ಟಡದಿಂದ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಸಿಬ್ಬಂದಿಯೇ ಅದನ್ನು ಒಪ್ಪಿದ್ದಾರೆ. ಆದರೂ ಕೆಳಗಿನವರಿಗೂ ಮೇಲಿನವರಿಗೂ ತಾವು ಒಂದೇ ಕಟ್ಟಡದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋ ಭ್ರಮೆ. ಗುಂಡು ಶುರುವಾಗುವ ಸುಮಾರು ಒಂದು ನಿಮಿಷ ಮೊದಲು ಬಾಗ್ರಾಮ್‌ನಲ್ಲಿದ್ದ ತಮ್ಮ ಸೇನಾ ನೆಲೆಯ ಕಾರ್ಯಾಲಯಕ್ಕೆ ತಿಳಿಸಿದರು, ಇಂಥ ಜಾಗಕ್ಕೆ ಹೊಡೆಯುತ್ತಿದ್ದೇವೆ ಅಂತ. ಕೊಟ್ಟ ಅಂಕಿ ಆಸ್ಪತ್ರೆಯದ್ದೇ. ಬಾಗ್ರಾಮ್‌ನಲ್ಲಿ ಆ ಪಟ್ಟಿ ಇತ್ತು. ಆ ಅಂಕಿ ಈ ಪಟ್ಟಿಯಲ್ಲಿದೆ ಅಂತ ಯಾರಿಗೂ ಹೊಳೆಯಲಿಲ್ಲ.

2:08ಕ್ಕೆ ಮೊದಲ ಶೆಲ್. ಒಟ್ಟು 211 ಶೆಲ್‌ಗಳು.

2:19

ಮೊದಲು ಏಟು ಬಿದ್ದದ್ದು ತೀವ್ರ ನಿಗಾ ಘಟಕಕ್ಕೆ. ಏಳಲಾಗದ ರೋಗಿಗಳು ಹಾಸಿಗೆಯಲ್ಲೇ ಸುಟ್ಟುಹೋದರು. ಆಪರೇಷನ್ ಟೇಬಲ್ ಮೇಲಿದ್ದ ಇಬ್ಬರು ಸತ್ತರು. ಬದುಕುಳಿದ ವೈದ್ಯರು ಕಚೇರಿಯ ಮೇಜನ್ನೇ ಆಪರೇಷನ್ ಟೇಬಲ್ ಮಾಡಿಕೊಂಡು ತಮ್ಮ ಜೊತೆ ಕೆಲಸ ಮಾಡುತ್ತಿದ್ದವರ ಜೀವ ಉಳಿಸಲು ಒದ್ದಾಡಿದರು. ಏಟುಗಳು ಪದೇ ಪದೇ ಮುಖ್ಯ ಕಟ್ಟಡದ ಮೇಲೇ ಬಿದ್ದವು. ಆವರಣದ ಬೇರೆ ಕಟ್ಟಡಗಳಿಗೆ ಹೆಚ್ಚೇನೂ ಆಗಲಿಲ್ಲ. ಸತ್ತ 42 ಜನರಲ್ಲಿ 14 ಸಿಬ್ಬಂದಿ, 24 ರೋಗಿಗಳು, ನಾಲ್ವರು ರೋಗಿಗಳ ಜೊತೆ ಬಂದಿದ್ದ ಮನೆಯವರು.

ಎಂಎಸ್ಎಫ್‌ನವರು 2:19ಕ್ಕೆ ಕಾಬೂಲ್‌ನ ನ್ಯಾಟೋ ಕಾರ್ಯಾಲಯಕ್ಕೆ ಫೋನ್ ಮಾಡಿದರು. ಆಮೇಲೆ ರೆಡ್ ಕ್ರಾಸ್‌ಗೆ, ವಿಶ್ವಸಂಸ್ಥೆಗೆ, ವಾಷಿಂಗ್ಟನ್‌ಗೆ. ಅಮೆರಿಕದ ವರದಿಯ ಪ್ರಕಾರ ಬಾಗ್ರಾಮ್‌ಗೆ ಸುದ್ದಿ ತಲುಪಿದ್ದು 2:20ಕ್ಕೆ. ತಪ್ಪು ಅರಿವಾಗಿದ್ದು 2:37ಕ್ಕೆ. ಹದಿನೇಳು ನಿಮಿಷ. ಆ ಹೊತ್ತಿಗೆ ವಿಮಾನ ತಾನಾಗಿಯೇ ಹೊಡೆಯೋದು ನಿಲ್ಲಿಸಿತ್ತು. ಎಂಎಸ್ಎಫ್ ಹೇಳೋದು ದಾಳಿ ಮೂರು ಗಂಟೆಯ ಆಚೆಗೂ, ಸುಮಾರು ಒಂದು ಗಂಟೆ ನಡೆಯಿತು ಅಂತ. ಗಡಿಯಾರದ ವಿಷಯದಲ್ಲಿ ಮಾತ್ರ ಎರಡು ವರದಿಗಳು ಇವತ್ತಿಗೂ ಕೂಡಿಲ್ಲ. 2:52ಕ್ಕೆ ನ್ಯಾಟೋ ಕಡೆಯಿಂದ ಎಂಎಸ್ಎಫ್‌ಗೆ ಒಂದು ಎಸ್ಎಂಎಸ್ ಬಂತು. ಕೇಳಿ ಬೇಸರವಾಯಿತು, ಏನಾಯಿತೆಂದು ನನಗಿನ್ನೂ ಗೊತ್ತಿಲ್ಲ ಅನ್ನುವ ಅರ್ಥದ್ದು. ದಾಳಿ ನಿಲ್ಲಿಸಿ ಅಂತ ಮತ್ತೆ ಒತ್ತಾಯಿಸಿದಾಗ 2:59ಕ್ಕೆ ಇನ್ನೊಂದು. ಕೈಲಾದದ್ದು ಮಾಡುತ್ತೇನೆ, ನಿಮ್ಮೆಲ್ಲರಿಗಾಗಿ ಪ್ರಾರ್ಥಿಸುತ್ತಿದ್ದೇನೆ ಅಂತ.

ಕಾನೂನಿಗೆ ಬರೋಣ

ಮೊದಲ ಪ್ರಶ್ನೆ, ಇದು ಎಂಥ ಯುದ್ಧ? ಎರಡು ದೇಶಗಳ ನಡುವಿನದ್ದಲ್ಲ. ಅಫ್ಘಾನ್ ಸರ್ಕಾರ, ಅದರ ಜೊತೆ ಅಮೆರಿಕ ಒಂದು ಕಡೆ. ತಾಲಿಬಾನ್ ಎಂಬ ಸಶಸ್ತ್ರ ಗುಂಪು ಇನ್ನೊಂದು ಕಡೆ. ಕಾನೂನಿನ ಲೆಕ್ಕದಲ್ಲಿ ಇದು ಒಳಗಿನ ಸಂಘರ್ಷ. ಈ ವಿಂಗಡಣೆ ಸುಮ್ನೆ ಪಂಡಿತರ ತಕರಾರಲ್ಲ. 1949ರ ನಾಲ್ಕು ಜಿನೀವಾ ಒಪ್ಪಂದಗಳ ಬಹುಪಾಲು ಕಲಂಗಳು ದೇಶ ದೇಶಗಳ ನಡುವಿನ ಯುದ್ಧಕ್ಕೆ ಬರೆದವು. ಒಳಗಿನ ಸಂಘರ್ಷಕ್ಕೆ ಸಿಗೋದು ಮುಖ್ಯವಾಗಿ ನಾಲ್ಕಕ್ಕೂ ಸಮಾನವಾದ 3ನೇ ಕಲಂ, 1977ರ ಎರಡನೇ ಹೆಚ್ಚುವರಿ ಒಪ್ಪಂದ, ಆಮೇಲೆ ಬರೆದಿರದಿದ್ದರೂ ಎಲ್ಲ ದೇಶಗಳೂ ಪಾಲಿಸಬೇಕಾದ ರೂಢಿಯ ಕಾನೂನು. ಅಫ್ಘಾನಿಸ್ತಾನ 2009ರಲ್ಲಿ ಆ ಹೆಚ್ಚುವರಿ ಒಪ್ಪಂದವನ್ನು ಸೇರಿತ್ತು. ಅಮೆರಿಕ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಯಾವ ಪುಸ್ತಕ ತೆರೆದರೂ ಉತ್ತರ ಒಂದೇ. ಎರಡನೇ ಹೆಚ್ಚುವರಿ ಒಪ್ಪಂದದ 11ನೇ ಕಲಂ ಹೇಳುವಂತೆ ವೈದ್ಯಕೀಯ ಜಾಗಗಳ ಮೇಲೆ ದಾಳಿ ಮಾಡುವಂತಿಲ್ಲ. ಆ ರಕ್ಷಣೆ ಹೋಗುವುದು ಒಂದೇ ಸಂದರ್ಭದಲ್ಲಿ, ಆಸ್ಪತ್ರೆಯನ್ನು ಅದರ ವೈದ್ಯಕೀಯ ಕೆಲಸ ಬಿಟ್ಟು ಶತ್ರುವಿಗೆ ಹಾನಿ ಮಾಡುವ ಕೆಲಸಕ್ಕೆ ಬಳಸಿದಾಗ. ಆಗಲೂ ಮೊದಲು ಎಚ್ಚರಿಕೆ ಕೊಡಬೇಕು, ಸಾಧ್ಯವಾದಾಗ ಸಮಯ ಕೊಡಬೇಕು, ಅವರು ಕೇಳದೆ ಹೋದರೆ ಮಾತ್ರ ಮುಂದಿನ ಮಾತು. ಕುಂದೂಝ್ ಆಸ್ಪತ್ರೆಗೆ ಯಾವ ಎಚ್ಚರಿಕೆಯೂ ಬರಲಿಲ್ಲ.

ಘಟನೆ ಆದ ಮೊದಲ ದಿನಗಳಲ್ಲಿ ಕೆಲವು ಅಫ್ಘಾನ್ ಅಧಿಕಾರಿಗಳು ಆಸ್ಪತ್ರೆಯಲ್ಲಿ ತಾಲಿಬಾನಿನವರಿದ್ದರು ಅಂತ ಸಮರ್ಥನೆ ಕೊಟ್ಟರು. ಹೌದು, ಇದ್ದರು, ಹಾಸಿಗೆಯ ಮೇಲೆ. ಗಾಯಗೊಂಡು ಮಲಗಿದ ಹೋರಾಟಗಾರನನ್ನು ಕಾನೂನು ಹೋರಾಟಗಾರ ಅಂತ ನೋಡೋದಿಲ್ಲ, ರೋಗಿ ಅಂತ ನೋಡುತ್ತದೆ. ಅವನಿಗೆ ಮದ್ದು ಹಚ್ಚಿದ ವೈದ್ಯನೂ ಶತ್ರುವಿಗೆ ನೆರವಾದ ತಪ್ಪಿಗೆ ಒಳಗಾಗುವುದಿಲ್ಲ. ಗಾಯಾಳುವಿನ ಕೈಯಿಂದ ತೆಗೆದಿಟ್ಟ ಬಂದೂಕು ಆಸ್ಪತ್ರೆಯಲ್ಲಿ ಸಿಕ್ಕಿದರೂ ಅಷ್ಟರಿಂದಲೇ ರಕ್ಷಣೆ ಹೋಗದು ಅಂತ ಜಿನೀವಾ ಒಪ್ಪಂದದಲ್ಲೇ ಇದೆ. ಹಾಗಾಗಿ ‘ತಾಲಿಬಾನ್ ಇದ್ದರು’ ಅನ್ನುವ ಸಮರ್ಥನೆಯ ಬಗ್ಗೆ ಎಂಎಸ್ಎಫ್ ಹೇಳಿದ್ದು ಸರಿಯಾಗೇ ಇತ್ತು. ಗೊತ್ತಿದ್ದೂ ಆಸ್ಪತ್ರೆಗೆ ಹೊಡೆದೆವು ಅಂತ ಹೇಳಿದರೆ ಅದು ಯುದ್ಧಾಪರಾಧವನ್ನು ಒಪ್ಪಿಕೊಂಡ ಹಾಗೆ. ಅಮೆರಿಕದವರ ಮಾತು ನಾಲ್ಕು ದಿನದಲ್ಲಿ ಮೂರು ಸಲ ತಿರುಗಿತು. ಮೊದಲು ನಮ್ಮ ಪಡೆಗೆ ಅಪಾಯವಿತ್ತು ಅಂದರು, ಆಮೇಲೆ ಅಫ್ಘಾನರು ಕೇಳಿದ್ದರು ಅಂದರು. ಅಕ್ಟೋಬರ್ 6ರಂದು ಸೆನೆಟ್ ಮುಂದೆ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕ ಪಡೆಗಳ ಮುಖ್ಯಸ್ಥ ಜನರಲ್ ಜಾನ್ ಕ್ಯಾಂಪ್‌ಬೆಲ್, ಆಸ್ಪತ್ರೆಗೆ ತಪ್ಪಾಗಿ ಹೊಡೆದೆವು ಅಂದರು.

ತಪ್ಪಾಗಿ. ಈ ಒಂದು ಪದ ಬಂದ ಕೂಡಲೇ ಇಡೀ ಪ್ರಕರಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿಬಿಡುತ್ತದೆ. ಆಸ್ಪತ್ರೆಗೆ ಹೊಡೆಯಬಹುದಿತ್ತಾ ಅನ್ನುವ ಪ್ರಶ್ನೆ ಮುಗಿಯಿತು. ಇದು ಆಸ್ಪತ್ರೆ ಅಂತ ತಿಳಿಯಲು ಏನೇನು ಮಾಡಬೇಕಿತ್ತು ಅನ್ನುವ ಪ್ರಶ್ನೆ ಶುರುವಾಯಿತು. ಕಾನೂನಿನಲ್ಲಿ ಇದಕ್ಕೆ ಮುನ್ನೆಚ್ಚರಿಕೆಯ ಹೊಣೆ ಅನ್ನುತ್ತಾರೆ. ಬರೆದ ರೂಪದಲ್ಲಿ ಇದು ದೇಶ ದೇಶಗಳ ಯುದ್ಧಕ್ಕೆ 1977ರಲ್ಲೇ ಆದ ಮೊದಲ ಹೆಚ್ಚುವರಿ ಒಪ್ಪಂದದ 57ನೇ ಕಲಂ. ಒಳಗಿನ ಸಂಘರ್ಷಕ್ಕೆ ರೂಢಿಯ ಕಾನೂನಾಗಿ ಅದೇ ಅನ್ವಯಿಸುತ್ತದೆ. ಸಾರ ಸರಳ. ಹೊಡೆಯುವ ಮುಂಚೆ ಸಾಧ್ಯವಿರುವುದನ್ನೆಲ್ಲ ಮಾಡಿ ಗುರಿಯನ್ನು ಖಚಿತಪಡಿಸಿಕೋ. ಗುರಿ ತಪ್ಪು ಅಂತ ಗೊತ್ತಾದರೆ ನಿಲ್ಲಿಸು.

‘ಸಾಧ್ಯವಿರುವುದನ್ನೆಲ್ಲ’ ಅನ್ನುವ ಮಾತಿನ ಮೇಲೆ ಸೇನೆಯ ವಕೀಲರು ಎಷ್ಟು ಬೇಕಾದರೂ ವಾದಿಸಬಲ್ಲರು. ಕತ್ತಲಲ್ಲಿ, ಕ್ಷಿಪಣಿಯ ಭಯದಲ್ಲಿ ಸಾಧ್ಯವಾಗೋದು ಕಡಿಮೆ ಅಂತ. ಅದು ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಬಾಗ್ರಾಮ್‌ನಲ್ಲಿ ಮೇಜಿನ ಮುಂದೆ ಕೂತವರಿಗೆ ಯಾವ ಕ್ಷಿಪಣಿಯ ಭಯ? ಬಂದ ಅಂಕಿಯನ್ನು ಪಟ್ಟಿಯ ಜೊತೆ ಹೋಲಿಸೋದು ಸಾಧ್ಯವಿಲ್ಲದ ಕೆಲಸವೇ? ಪಟ್ಟಿ ಇಲ್ಲದೆ ವಿಮಾನ ಹೊರಡಿಸಿದ್ದು, ಕೆಟ್ಟ ಸಂಪರ್ಕವನ್ನು ಹಾಗೇ ಬಿಟ್ಟದ್ದು, ಗುರಿ ಕಣ್ಣಿಗೆ ಕಾಣದ ಕಮಾಂಡರ್ ಒಪ್ಪಿಗೆ ಕೊಟ್ಟದ್ದು, ಯಂತ್ರ ತೋರಿಸಿದ ಜಾಗಕ್ಕೂ ಕಣ್ಣು ಹಿಡಿದ ಜಾಗಕ್ಕೂ ವ್ಯತ್ಯಾಸ ಬಂದಾಗ ಕೈ ತಡೆಯದೇ ಹೋದದ್ದು. ನನ್ನ ಓದಿನಲ್ಲಿ ಕೊನೆಯದ್ದೇ ಅತಿ ದೊಡ್ಡ ಉಲ್ಲಂಘನೆ. ಸಂಶಯ ಬಂದಿತ್ತು, ಅದನ್ನು ಬಗೆಹರಿಸದೆ ಮುಂದುವರಿದರು. ಸಾಮಾನ್ಯವಾಗಿ ಜನರ ಬಳಕೆಗಿರುವ ಕಟ್ಟಡದ ಬಗ್ಗೆ ಸಂಶಯ ಬಂದರೆ ಅದು ಸೇನೆಯ ಗುರಿಯಲ್ಲ ಅಂತಲೇ ಎಣಿಸಬೇಕು ಅನ್ನೋದು ಮೊದಲ ಹೆಚ್ಚುವರಿ ಒಪ್ಪಂದದ ನಿಯಮ. ಅಮೆರಿಕದ ರಕ್ಷಣಾ ಇಲಾಖೆ 2015ರ ಜೂನ್‌ನಲ್ಲಿ, ಅಂದರೆ ಈ ಘಟನೆಗೆ ನಾಲ್ಕೇ ತಿಂಗಳ ಮೊದಲು ತಂದ ತನ್ನ ಯುದ್ಧ ಕಾನೂನಿನ ಕೈಪಿಡಿಯಲ್ಲಿ ಈ ಎಣಿಕೆಯನ್ನು ಒಪ್ಪಿರಲಿಲ್ಲ. ಅದನ್ನು ತಿದ್ದಿದ್ದು 2023ರಲ್ಲಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಅದು ನಿಜಕ್ಕೂ ಎನ್‌ಡಿಎಸ್ ಕಟ್ಟಡವೇ ಆಗಿತ್ತು ಅಂದುಕೊಳ್ಳಿ. ಆಗಲೂ ಈ ದಾಳಿ ಸರಿಯಾಗುತ್ತಿತ್ತಾ? ಕಟ್ಟಡದಿಂದ ಗುಂಡು ಬರುತ್ತಿಲ್ಲ, ಒಳಗೆ ಓಡಾಡುವವರು ಯಾರು ಅಂತ ತಿಳಿದಿಲ್ಲ. ಅಂಥ ಕಡೆ 211 ಶೆಲ್ ಸುರಿಯೋದಕ್ಕೆ ಯಾವ ಲೆಕ್ಕ ಹಾಕಿದರು? ಸೇನೆಗೆ ಸಿಗುವ ಲಾಭಕ್ಕೆ ಹೋಲಿಸಿದರೆ ಜನರಿಗೆ ಆಗುವ ಹಾನಿ ಅತಿಯಾಗಬಾರದು ಅನ್ನುವ ಪ್ರಮಾಣದ ನಿಯಮ ಕೇಳೋದು ಇದನ್ನೇ. ಗುರಿಯ ವಿಷಯದಲ್ಲಿ ಆದ ತಪ್ಪು ಎಷ್ಟು ದೊಡ್ಡದೆಂದರೆ, ಈ ಎರಡನೇ ತಪ್ಪು ಅದರ ನೆರಳಲ್ಲಿ ಮರೆಯಾಗಿಬಿಟ್ಟಿದೆ.

ಯಾರಿಗೆ ಶಿಕ್ಷೆ?

2016ರ ಏಪ್ರಿಲ್ 29ರಂದು ಅಫ್ಘಾನ್ ಯುದ್ಧದ ಹೊಣೆ ಹೊತ್ತಿದ್ದ ಅಮೆರಿಕದ ಸೇನಾ ವಿಭಾಗ ಸೆಂಟ್ರಲ್ ಕಮಾಂಡ್ ತನಿಖೆಯ ಫಲ ಹೇಳಿತು. ಕೆಲವು ಸಿಬ್ಬಂದಿ ಯುದ್ಧದ ಕಾನೂನನ್ನೂ ದಾಳಿಯ ನಿಯಮಗಳನ್ನೂ ಪಾಲಿಸಲಿಲ್ಲ, ಆದರೆ ಇದು ಯುದ್ಧಾಪರಾಧ ಅಲ್ಲ, ಯಾಕೆಂದರೆ ಯಾರೂ ಬೇಕೆಂದು ಆಸ್ಪತ್ರೆಗೆ ಹೊಡೆದಿಲ್ಲ. 16 ಜನರ ಮೇಲೆ ಕ್ರಮ. ಅವರಲ್ಲಿ ಒಬ್ಬರು ಜನರಲ್ ದರ್ಜೆಯವರು. ಕ್ರಮ ಅಂದರೆ ಹುದ್ದೆಯಿಂದ ತೆಗೆಯೋದು, ಛೀಮಾರಿ ಪತ್ರ, ಮತ್ತೆ ತರಬೇತಿ, ಹೀಗೆ. ಕೋರ್ಟಿಗೆ ಒಬ್ಬರೂ ಹೋಗಲಿಲ್ಲ.

ಯುದ್ಧಾಪರಾಧ ಅಲ್ಲ ಅನ್ನೋದು ಕಾನೂನಿನ ಪ್ರಕಾರ ಸರಿಯಾ? ಇಲ್ಲಿ ಎರಡು ದಾರಿ ಇವೆ. ಹಿಂದಿನ ಯುಗೊಸ್ಲಾವಿಯಾಕ್ಕಾಗಿ ವಿಶ್ವಸಂಸ್ಥೆ ಸ್ಥಾಪಿಸಿದ ನ್ಯಾಯಾಲಯ 2003ರಲ್ಲಿ ಸರಾಯೆವೊ ಮುತ್ತಿಗೆಯ ಗಾಲಿಚ್ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಹೊಡೆದರೆ ಅದೂ ಉದ್ದೇಶದ ಲೆಕ್ಕಕ್ಕೇ ಬರುತ್ತದೆ, ಬರೀ ಅಜಾಗರೂಕತೆ ಮಾತ್ರ ಬರದು. ಈ ದಾರಿಯಲ್ಲಿ ಹೋದರೆ ಕುಂದೂಝ್‌ನಲ್ಲಿ ವಾದಕ್ಕೆ ಜಾಗ ಇದೆ. ಎರಡು ಕಟ್ಟಡಗಳ ನಡುವೆ ಗೊಂದಲ ಇದೆ ಅಂತ ಗೊತ್ತಿದ್ದೂ ಹೊಡೆದವರು ಯಾವ ಗುಂಪಿಗೆ ಸೇರುತ್ತಾರೆ ಅಂತ ಒಬ್ಬ ನ್ಯಾಯಾಧೀಶರ ಮುಂದೆ ಪರೀಕ್ಷೆ ಆಗಬೇಕಿತ್ತು. ಇನ್ನೊಂದು ದಾರಿ ರೋಮ್ ಶಾಸನದ್ದು, ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ನಡೆಯೋದು ಅದರ ಮೇಲೆ. ಅದರ 30ನೇ ಕಲಂ ಉದ್ದೇಶ ಮತ್ತು ಅರಿವು ಎರಡನ್ನೂ ಕೇಳುತ್ತದೆ. ಆ ದಾರಿಯಲ್ಲಿ ಆರೋಪ ನಿಲ್ಲೋದು ಕಷ್ಟ. ಅಷ್ಟೇ ಅಲ್ಲ, ಜನರಿಗೆ ಅತಿಯಾದ ಹಾನಿ ಆಗುತ್ತದೆ ಅಂತ ಗೊತ್ತಿದ್ದೂ ದಾಳಿ ಮಾಡುವ ಅಪರಾಧವನ್ನು ರೋಮ್ ಶಾಸನ ದೇಶ ದೇಶಗಳ ಯುದ್ಧದ ಪಟ್ಟಿಯಲ್ಲಿ ಮಾತ್ರ ಸೇರಿಸಿದೆ. ಒಳಗಿನ ಸಂಘರ್ಷದ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ.

ನಮ್ಮ ಕಡೆಯ ಒಂದು ಹೋಲಿಕೆ ಕೊಟ್ಟರೆ ವಿಷಯ ಬೇಗ ತಿಳಿಯುತ್ತದೆ. ರಸ್ತೆಯಲ್ಲಿ ಒಬ್ಬ ಡ್ರೈವರ್ ನಿರ್ಲಕ್ಷ್ಯದಿಂದ ಯಾರ ಮೇಲಾದರೂ ಲಾರಿ ಹತ್ತಿಸಿದರೆ ನಾವು ಅವನನ್ನು ಕೊಲೆಗಾರ ಅನ್ನೋದಿಲ್ಲ. ಹಾಗಂತ ಬಿಟ್ಟುಬಿಡೋದೂ ಇಲ್ಲ. ಹಿಂದೆ ಐಪಿಸಿ 304ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ನಿರ್ಲಕ್ಷ್ಯದ ಸಾವಿಗೆ ಅದರದ್ದೇ ಹೆಸರು, ಅದರದ್ದೇ ಶಿಕ್ಷೆ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಕಲಂ ಅದು. ಯುದ್ಧಾಪರಾಧದ ಕಾನೂನಿನಲ್ಲಿ ಈ ಖಾನೆ ಖಾಲಿ. ಬೇಕೆಂದು ಮಾಡಿದರೆ ಅತಿ ದೊಡ್ಡ ಅಪರಾಧ, ಇಲ್ಲವಾದರೆ ಬರೀ ಇಲಾಖೆಯ ವಿಚಾರಣೆ. ಹೊಡೆದ ದೇಶ ತನ್ನ ಸೇನಾ ಕಾನೂನಿನಲ್ಲಿ ಬೇಕಾದರೆ ಕೇಸು ಹಾಕಬಹುದು, ಕರ್ತವ್ಯಲೋಪಕ್ಕೆ ಅಲ್ಲೂ ಕಲಂ ಇದೆ. ಅದು ಆ ದೇಶದ ಮರ್ಜಿ.

ಇಂಥ ತಪ್ಪುಗಳಲ್ಲಿ ಈ ಖಾಲಿ ಜಾಗ ಇನ್ನೂ ಅಗಲವಾಗುತ್ತದೆ. ಬಾಣ ಬಿಟ್ಟವನೇ ಗುರಿ ನೋಡಿದವನೂ ಆಗಿದ್ದ ಕಾಲ ಹೋಯಿತು. ಕುಂದೂಝ್‌ನಲ್ಲಿ ಒಬ್ಬರು ಗುರಿಯನ್ನು ಬಾಯಿಮಾತಲ್ಲಿ ಹೇಳಿದರು, ಇನ್ನೊಬ್ಬರು ಅನುಮತಿ ಕೊಟ್ಟರು. ಮೂರನೆಯವರು ಕ್ಯಾಮೆರಾ ಹಿಡಿದಿದ್ದರು, ನಾಲ್ಕನೆಯವರು ಫಿರಂಗಿ. ಐದನೆಯವರ ಹತ್ತಿರ ಪಟ್ಟಿ ಇತ್ತು. ಯಾರೊಬ್ಬರ ತಲೆಯಲ್ಲೂ ‘ಇದು ಆಸ್ಪತ್ರೆ’ ಅನ್ನುವ ಅರಿವು ಪೂರ್ತಿಯಾಗಿ ಇರಲಿಲ್ಲ. ಆದರೆ ಎಲ್ಲರನ್ನೂ ಸೇರಿಸಿ ಒಂದು ಸೇನೆ ಅಂತ ನೋಡಿದರೆ, ಆ ಸೇನೆಗೆ ಗೊತ್ತಿತ್ತು. ಸೆಪ್ಟೆಂಬರ್ 29ರಿಂದಲೇ ಗೊತ್ತಿತ್ತು. ಕ್ರಿಮಿನಲ್ ಕಾನೂನು ಒಬ್ಬೊಬ್ಬರ ತಲೆಯನ್ನು ಬೇರೆ ಬೇರೆ ತೆರೆದು ನೋಡುತ್ತದೆ, ಹಾಗಾಗಿ ಅದಕ್ಕೆ ಏನೂ ಸಿಗೋದಿಲ್ಲ.

ಇದೇ ಕುಂದೂಝ್ ಪ್ರಾಂತ್ಯದಲ್ಲಿ 2009ರ ಸೆಪ್ಟೆಂಬರ್ 4ರಂದು ಜರ್ಮನಿಯ ಕರ್ನಲ್ ಗೇಯೊರ್ಗ್ ಕ್ಲೈನ್ ತಾಲಿಬಾನ್ ಅಪಹರಿಸಿದ್ದ ಎರಡು ಇಂಧನ ಟ್ಯಾಂಕರ್‌ಗಳ ಮೇಲೆ ಬಾಂಬ್ ಹಾಕಿಸಿದ್ದರು. ಟ್ಯಾಂಕರ್ ಸುತ್ತ ಊರಿನ ಜನ ನೆರೆದಿದ್ದರು, ಹತ್ತಾರು ಮಂದಿ ಸತ್ತರು. ಅಲ್ಲಿ ಜನಸಾಮಾನ್ಯರಿಲ್ಲ ಅಂತ ಕರ್ನಲ್ ನಂಬಿದ್ದರು ಅನ್ನುವ ಕಾರಣಕ್ಕೆ ಜರ್ಮನಿಯ ಪ್ರಾಸಿಕ್ಯೂಟರ್ 2010ರಲ್ಲಿ ತನಿಖೆ ಮುಚ್ಚಿದರು. 2021ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಆ ತನಿಖೆಯಲ್ಲಿ ದೋಷ ಕಾಣಲಿಲ್ಲ. ಅಲ್ಲೂ ಎಲ್ಲ ನಿಂತದ್ದು ನಂಬಿಕೆಯ ಮೇಲೇ.

ಬಾಗಿಲು ತಟ್ಟಿದ ಕಡೆಯೆಲ್ಲ

ಹೊಡೆದವರೇ ತನಿಖೆ ಮಾಡಿದರೆ ಹೇಗೆ ಅಂತ ಎಂಎಸ್ಎಫ್ ಕೇಳಿತು. ಅಧ್ಯಕ್ಷ ಒಬಾಮ ಅಕ್ಟೋಬರ್ 7ರಂದು ಎಂಎಸ್ಎಫ್‌ನ ಮುಖ್ಯಸ್ಥೆ ಜೊಆನ್ ಲಿಯು ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಎಂಎಸ್ಎಫ್‌ಗೆ ಬೇಕಿದ್ದದ್ದು ಸ್ವತಂತ್ರ ತನಿಖೆ. ಅದಕ್ಕೆಂದೇ ಒಂದು ಸಂಸ್ಥೆ ಇದೆ. ಮೊದಲ ಹೆಚ್ಚುವರಿ ಒಪ್ಪಂದದ 90ನೇ ಕಲಮಿನಡಿ 1991ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸತ್ಯಶೋಧನಾ ಆಯೋಗ. ಹುಟ್ಟಿ 24 ವರ್ಷ ಆಗಿದ್ದರೂ ಅಲ್ಲಿಯವರೆಗೆ ಒಂದೇ ಒಂದು ತನಿಖೆಯೂ ಅದರ ಪಾಲಿಗೆ ಬಂದಿರಲಿಲ್ಲ. ಆಯೋಗ ತಯಾರಿದ್ದೇವೆ ಅಂದಿತು, ಅಮೆರಿಕ ಮತ್ತು ಅಫ್ಘಾನಿಸ್ತಾನ ಎರಡೂ ಒಪ್ಪಬೇಕಿತ್ತು. ಒಪ್ಪಿಗೆ ಬರಲಿಲ್ಲ. ಅದಕ್ಕೆ ಮೊದಲ ಕೆಲಸ ಸಿಕ್ಕಿದ್ದು 2017ರಲ್ಲಿ, ಪೂರ್ವ ಉಕ್ರೇನಿನಲ್ಲಿ.

ಅಫ್ಘಾನ್ ಕೋರ್ಟಿಗೆ ಹೋಗೋಣ ಅಂದರೆ, 2014ರ ಭದ್ರತಾ ಒಪ್ಪಂದದ ಪ್ರಕಾರ ಅಮೆರಿಕದ ಸೈನಿಕರನ್ನು ವಿಚಾರಿಸುವ ಹಕ್ಕು ಅಮೆರಿಕಕ್ಕೆ ಮಾತ್ರ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಅಧಿಕಾರ ಇತ್ತು, ಅಫ್ಘಾನಿಸ್ತಾನ 2003ರಿಂದ ಅದರ ಸದಸ್ಯ. 2020ರಲ್ಲಿ ಅಫ್ಘಾನ್ ತನಿಖೆಗೆ ಅನುಮತಿಯೂ ಸಿಕ್ಕಿತು. 2021ರ ಸೆಪ್ಟೆಂಬರ್‌ನಲ್ಲಿ ಪ್ರಾಸಿಕ್ಯೂಟರ್ ಕರೀಂ ಖಾನ್ ತಾಲಿಬಾನ್ ಮತ್ತು ಇಸ್ಲಾಮಿಕ್ ಸ್ಟೇಟ್‌ನ ಸ್ಥಳೀಯ ಶಾಖೆಯ ಕೃತ್ಯಗಳ ಮೇಲೇ ಗಮನ ಇಡುತ್ತೇವೆ ಅಂತ ಹೇಳಿ ಉಳಿದದ್ದನ್ನು ಹಿಂದಕ್ಕೆ ಸರಿಸಿದರು.

ಅಮೆರಿಕ ಮಾತ್ರ ಹೀಗೆ ಅಂತ ಬೆರಳು ತೋರಿಸೋದು ಸುಲಭ. ಭಾರತವೂ ಈ ಎರಡು ಹೆಚ್ಚುವರಿ ಒಪ್ಪಂದಗಳನ್ನು ಸೇರಿಲ್ಲ, ರೋಮ್ ಶಾಸನವನ್ನೂ ಸೇರಿಲ್ಲ. 1949ರ ಒಪ್ಪಂದಗಳನ್ನು ಒಪ್ಪಿ 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ ಮಾಡಿದ್ದೇವೆ, ಅಲ್ಲಿಗೆ ನಿಂತಿದ್ದೇವೆ. ಹೊರಗಿನವರು ಬಂದು ನಮ್ಮ ಸೇನೆಯನ್ನು ವಿಚಾರಿಸಬಾರದು ಅನ್ನುವ ವಿಷಯದಲ್ಲಿ ದೆಹಲಿಯೂ ವಾಷಿಂಗ್ಟನ್ನೂ ಅಷ್ಟೇನೂ ದೂರ ಇಲ್ಲ.

ಪರಿಹಾರದ ಹಣ ಬಂತು. ಸತ್ತವರ ಕುಟುಂಬಕ್ಕೆ 6,000 ಡಾಲರ್, ಗಾಯಗೊಂಡವರಿಗೆ 3,000. 170ಕ್ಕೂ ಹೆಚ್ಚು ವ್ಯಕ್ತಿಗಳು, ಕುಟುಂಬಗಳಿಗೆ ಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ಸಂತಾಪದ ಹಣ. ಪರಿಹಾರ ಅಂದರೆ ಹೊಣೆ ಒಪ್ಪಿದಂತೆ ಆಗುತ್ತದೆ, ಸಂತಾಪ ಅಂದರೆ ಆಗೋದಿಲ್ಲ. ಆಸ್ಪತ್ರೆ ಮತ್ತೆ ಕಟ್ಟೋಕೆ 57 ಲಕ್ಷ ಡಾಲರ್ ತೆಗೆದಿಟ್ಟರು. ಯುದ್ಧದಲ್ಲಿ ತೊಡಗಿದ ಸರ್ಕಾರಗಳಿಂದ ಅಫ್ಘಾನಿಸ್ತಾನದ ಕೆಲಸಕ್ಕೆ ಹಣ ಮುಟ್ಟೋದಿಲ್ಲ ಅನ್ನೋದು ಎಂಎಸ್ಎಫ್‌ನ ನಿಲುವು.

2016ರ ಮೇ 3ರಂದು ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಿ ಭದ್ರತಾ ಮಂಡಳಿ 2286ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಅಮೆರಿಕವೂ ಕೈ ಎತ್ತಿತ್ತು. ಎಂಎಸ್ಎಫ್ ಕುಂದೂಝ್‌ನಲ್ಲಿ ಬೇರೆ ಜಾಗದಲ್ಲಿ ಹೊಸ ಆಸ್ಪತ್ರೆ ಕಟ್ಟಿತು. ಕಟ್ಟುವ ಮುಂಚೆ ಎಲ್ಲ ಪಕ್ಷಗಳ ಹತ್ತಿರವೂ ಮತ್ತೆ ಮಾತಾಡಿ, ಯಾವ ಕಡೆಯ ಗಾಯಾಳು ಬಂದರೂ ನೋಡುತ್ತೇವೆ, ಅದಕ್ಕಾಗಿ ನಮಗೆ ತೊಂದರೆ ಕೊಡಬಾರದು ಅಂತ ಮಾತು ತೆಗೆದುಕೊಳ್ಳಬೇಕಾಯಿತು. 2021ರ ಆಗಸ್ಟ್‌ನಲ್ಲಿ ಆ ಆಸ್ಪತ್ರೆ ರೋಗಿಗಳನ್ನು ಒಳಗೆ ತೆಗೆದುಕೊಂಡಿತು. ಅದೇ ತಿಂಗಳು ನಗರ ಮತ್ತೆ ತಾಲಿಬಾನಿನ ಕೈಗೆ ಹೋಗಿತ್ತು, ಅಮೆರಿಕದ ಸೈನ್ಯ ಕಾಬೂಲ್ ಬಿಟ್ಟು ಹೊರಡುತ್ತಿತ್ತು.